ಪೆರೋಲಿಗೆ ಕೊಟ್ಟ ಕೈ

ಮನೆಯಲ್ಲಿ ಯಾರಾದರೂ ಸಾಯುವ ಹಂತದಲ್ಲಿದ್ದರೆ ಕೈದಿಯ ಮನಸ್ಸಿಗೆ ಮಾತ್ರ ಪೆರೋಲ್ ಸಿಗುತ್ತದೆ. ಆ ಮನಸ್ಸನ್ನು ಹೊತ್ತು ಹೋಗಿಬರುವ ಮೈ ಜೈಲಿನ ವಾರ್ಡರ್ ಆದ ನನ್ನದು. ಆ ಹೊತ್ತು ನಾನು ಒಳಗೇ ಒಂದು ಮೂಲೆಯಲ್ಲಿ, ಬಸ್ಸಿನ ಕಿಟಕಿ ಪಕ್ಕ ಕೂತವನ ಹಾಗೆ, ಸುಮ್ಮನೆ ನೋಡುತ್ತಿರುತ್ತೇನೆ.

ಆವತ್ತು ನನ್ನ ಮೈಯಲ್ಲಿ ಬಂದವನು ಶಿವರುದ್ರ. ಅವನ ಅವ್ವ ಕಣ್ಣು ಮುಚ್ಚಿ ಮಲಗಿದ್ದಳು.

"ಯವ್ವಾ, ನಾ ಬಂದೀನಿ," ಎಂದ, ನನ್ನ ಗೊಗ್ಗರು ದನಿಯಲ್ಲಿ.

"ಯಾರಪ್ಪಾ ನೀ? ಇದು ನನ್ನ ಮಗನ ದನಿ ಅಲ್ಲ."

ಅವನು ಚಮಚದಲ್ಲಿ ನೀರು ತೆಗೆದು ಅವಳ ತುಟಿಗೆ ಹಿಡಿದ. ಎಂದೂ ಚಮಚ ಹಿಡಿಯದ ನನ್ನ ಎಡಗೈ ಒಂದು ಹನಿಯನ್ನೂ ಚೆಲ್ಲಲಿಲ್ಲ. ಅವಳು ಆ ಕೈಯ ಹೆಬ್ಬೆರಳನ್ನು ತಡವಿ ನೋಡಿದಳು. ಆಮೇಲೆ ಅದರ ಮೇಲೆ ಮೆಲ್ಲಗೆ ಒಂದು ಏಟು ಹಾಕಿದಳು.

"ಎಷ್ಟ್ ಸಲ ಹೇಳಬೇಕೋ ರುದ್ರ್ಯಾ? ಬಲಗೈಲೆ ಕೊಡು."

ಒಳಗೆ ಕೂತಿದ್ದ ನಾನು ಎದ್ದು ನಿಂತುಬಿಟ್ಟೆ. ಅವಳು ಆ ಎಡಗೈಯನ್ನೇ ಬಿಗಿಯಾಗಿ ಹಿಡಿದುಕೊಂಡು ನೀರು ಕುಡಿದಳು.

ಜೈಲಿಗೆ ಮರಳಿದ ಮೇಲೆ ಶಿವರುದ್ರ ತನ್ನ ಮೈಗೆ ಹೋದ, ನನ್ನದು ನನಗೆ ಸಿಕ್ಕಿತು. ಅವನು ಸರಳುಗಳಾಚೆಯಿಂದ ನನ್ನ ಎಡಗೈಯನ್ನೇ ನೋಡುತ್ತಿದ್ದ.

"ಸಾಹೇಬ್ರ, ಆ ಕೈ ಒಮ್ಮೆ ಕೊಡ್ರಿ."

ಕೊಟ್ಟೆ. ಕೆನ್ನೆಗೆ ಒತ್ತಿಕೊಂಡ. ವಾಪಸು ಕೇಳಲು ನನಗೆ ಬಾಯಿ ಬರಲಿಲ್ಲ.