ಮೂರನೇ ಸೀನಿನ ತಾಯಿ

ಎಬೆರೆಯನ್ನು ಬೆಳಿಗ್ಗೆಯೇ ಸಾಯಿಸಿ ಆಗಿತ್ತು. ಅವಳು ಬಸಿರಾಗುವುದು ಮಧ್ಯಾಹ್ನಕ್ಕಿತ್ತು. ಬಾಡಿಗೆಗೆ ತಂದ ಶವಪೆಟ್ಟಿಗೆಯನ್ನು ಊಟದ ಹೊತ್ತಿಗೆ ಅಂಗಡಿಗೆ ವಾಪಸು ಮಾಡಬೇಕಿದ್ದರಿಂದ ಡೈರೆಕ್ಟರ್ ಡೋಜಿ ಸಿನಿಮಾದ ಕೊನೆಯನ್ನೇ ಮೊದಲು ಶೂಟ್ ಮಾಡಿದ್ದ. ಅಸಾಬದಲ್ಲಿ ಸಿನಿಮಾ ಮಾಡುವವರಿಗೆ ಇದೇನೂ ಹೊಸದಲ್ಲ.

ಪೆಟ್ಟಿಗೆಯ ಮೇಲೆ ಬಿದ್ದು ಹೊರಳಾಡಿ ಅತ್ತವಳು ಉಗೊಯೆ. ಆ ಊರಿನ ಮುಕ್ಕಾಲು ಸಿನಿಮಾಗಳಿಗೆ ಅವಳೇ ತಾಯಿ. ಗರ್ಭ ತೆಗೆಸಿಕೊಂಡು ಸತ್ತ ಮಗಳಂದಿರನ್ನು ಮಣ್ಣು ಮಾಡಿ ಮಾಡಿ ಅವಳಿಗೆ ಸಾಕಾಗಿ ಹೋಗಿತ್ತು. ಕತೆ ಬರೆಯುವ ಮಹಾಶಯರಿಗೆ ಬೇರೆ ದಾರಿಯೇ ಗೊತ್ತಿಲ್ಲ. ಹುಡುಗಿ ಒಂದು ಸಲ ವಾಂತಿ ಮಾಡಬೇಕು, ಕತ್ತಲೆ ಕೋಣೆಯಲ್ಲಿ ತುಕ್ಕು ಹಿಡಿದ ಕತ್ತರಿಯವನ ಕೈಗೆ ಸಿಗಬೇಕು, ಬಿಳಿ ಬಟ್ಟೆ ಕೆಂಪಾಗಬೇಕು, ಪಾದ್ರಿ ಬಂದು ಊರಿಗೆಲ್ಲ ಬುದ್ಧಿ ಹೇಳಬೇಕು. ಬಸಿರು ಮಾಡಿದ ಗಂಡಿಗೆ ಮಾತ್ರ ಇಷ್ಟು ವರ್ಷದಲ್ಲಿ ಒಂದು ನೆಗಡಿಯಾದದ್ದನ್ನೂ ಉಗೊಯೆ ಕಂಡಿರಲಿಲ್ಲ. ಅವನು ಕೊನೆಯಲ್ಲಿ ಚರ್ಚಿನೊಳಗೆ ಮಂಡಿಯೂರಿ ಎರಡು ಹನಿ ಕಣ್ಣೀರು ಹಾಕಿ, ಅಲ್ಲೇ ಹಾಡುವ ಒಬ್ಬ ಒಳ್ಳೆಯ ಹುಡುಗಿಯನ್ನು ಮದುವೆಯಾಗುತ್ತಾನೆ.

ಪೆಟ್ಟಿಗೆಯಲ್ಲಿ ಮಲಗಿದವರು ಶಾಟ್ ಮುಗಿದ ಕೂಡಲೇ ಎದ್ದು ಕ್ಯಾಮೆರಾಕ್ಕೆ ಹಲ್ಲು ಬಿಟ್ಟು ನಗಬೇಕು, ಇಲ್ಲದಿದ್ದರೆ ಸಾವು ಬೆನ್ನು ಹತ್ತುತ್ತದೆ ಎಂಬುದು ಸಿನಿಮಾದವರ ನಂಬಿಕೆ. ಮಗಳ ಪಾತ್ರದ ಎಬೆರೆ ಎದ್ದಳು, ನಗಲಿಲ್ಲ. ಕೆಳಗಿಳಿದು ಗೋಡೆ ಹಿಡಿದುಕೊಂಡು ಕಾರಿಕೊಂಡಳು. ಪೆಟ್ಟಿಗೆಗೆ ಬಳಿದ ವಾರ್ನಿಷ್ ವಾಸನೆ ಎಂದರು ಸುತ್ತಲಿದ್ದವರು. ಡೋಜಿ ಕ್ಯಾಮೆರಾದವನಿಗೆ, "ಅಳಿಸ್ಬೇಡ. ಬಟ್ಟೆ ಕಾಣದ ಹಾಗೆ ಮುಖ ಮಾತ್ರ ಇಟ್ಕೊ, ಎರಡನೇ ಸೀನಿನ ವಾಂತಿಗಾಯ್ತು" ಎಂದ.

ಉಗೊಯೆಗೆ ಅದು ವಾರ್ನಿಷ್ ಅಲ್ಲವೆಂದು ತಿಳಿಯಿತು. ಜನರೇಟರಿನ ಹಿಂದೆ ನೀರು ಕೊಟ್ಟು ಕೂರಿಸಿಕೊಂಡಾಗ ಎಬೆರೆ ಎಲ್ಲವನ್ನೂ ಹೇಳಿದಳು. ಅವಳು ನಿಜಕ್ಕೂ ಬಸಿರು, ಅದಕ್ಕೆ ಕಾರಣನಾದ ಹುಡುಗ ಫೋನ್ ಎತ್ತುತ್ತಿಲ್ಲ. ನದಿಯ ಸೇತುವೆಯ ಆಚೆ, ಒನಿಟ್ಷಾ ಪಟ್ಟಣದಲ್ಲಿ ಯಾರೋ ಒಬ್ಬ ಗರ್ಭ ಇಳಿಸುವ ಔಷಧಿ ಮಾರುತ್ತಾನಂತೆ. ಸಂಜೆ ಶೂಟಿಂಗ್ ಮುಗಿಸಿ ಯಾರಿಗೂ ಹೇಳದೆ ಅಲ್ಲಿಗೆ ಹೋಗುವವಳಿದ್ದಳು.

"ತೆಗೆಸ್ಕೊಂಡ್ರೆ ನಿಜವಾಗ್ಲೂ ಸಾಯ್ತಾರಾ ಅಮ್ಮ?"

"ಯಾರು ಹೇಳಿದ್ದು ನಿಂಗೆ?"

"ನೀವೇ. ಚಿಕ್ಕೋಳಿದ್ದಾಗಿಂದ ನಿಮ್ಮ ಸಿನಿಮಾನೇ ನೋಡ್ಕೊಂಡು ಬಂದಿದೀನಿ. ಒಬ್ಬಳೂ ಉಳೀಲಿಲ್ಲವಲ್ಲ."

ಮೊದಲು ನಿಮ್ಮ ತಾಯಿಗೆ ಹೇಳು ಎಂದಳು ಉಗೊಯೆ. ಎಬೆರೆ ತುಟಿ ಕೊಂಕಿಸಿದಳು. "ನಮ್ಮಮ್ಮಂಗೆ ನಿಮ್ಮ ಡೈಲಾಗೆಲ್ಲ ಬಾಯಿಪಾಠ."

ಉಗೊಯೆಗೆ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಸಂತೆಯಲ್ಲಿ ಹೆಂಗಸರು ಕೈ ಹಿಡಿದು, ಸಿನಿಮಾದಲ್ಲಿ ನೀವು ಮಗಳ ಮುಖಕ್ಕೆ ಬಾಗಿಲು ಹಾಕಿದ್ದು ಸರಿಯಾಯಿತು ನೋಡಿ, ನಮ್ಮವಳನ್ನೂ ಎದುರಿಗೆ ಕೂರಿಸಿಕೊಂಡು ತೋರಿಸಿದೆ ಎಂದು ಹೊಗಳಿ, ಚೀಲಕ್ಕೆ ನಾಲ್ಕು ಟೊಮೇಟೊ ಹೆಚ್ಚಿಗೆ ಹಾಕುತ್ತಿದ್ದರು. ಅವಳೂ ಬೀಗಿಕೊಂಡು ಮನೆಗೆ ತರುತ್ತಿದ್ದಳು. ಈಗ ಅದನ್ನು ನೆನೆದು ಹೇಸಿಗೆಯಾಯಿತು.

ಮಧ್ಯಾಹ್ನ ಮೂರನೇ ಸೀನು. ಹಿತ್ತಲಲ್ಲಿ ತಾಯಿ ಮರಗೆಣಸಿನ ಹಿಟ್ಟಿನ ಮುದ್ದೆ ತಿರುವುತ್ತಿರುತ್ತಾಳೆ, ಮಗಳು ಬಂದು ವಿಷಯ ಹೇಳುತ್ತಾಳೆ. ತಾಯಿ ಪಾತ್ರೆ ಒದ್ದು, ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಅಲ್ಲ, ತೊಲಗು ಎಂದು ಅಟ್ಟಬೇಕು. ಖರ್ಚು ಉಳಿಸಲೆಂದು ಸೆಟ್ಟಿನವರ ಊಟವನ್ನೇ ಅಲ್ಲಿ ಇಟ್ಟಿದ್ದರು. ಒದೆಯಲು ಪಕ್ಕದಲ್ಲಿ ಬೇರೆ ಖಾಲಿ ಪಾತ್ರೆಯಿತ್ತು.

"ಅಮ್ಮ, ನಾನು ಬಸಿರು" ಎಂದಳು ಎಬೆರೆ. ಇಂಥ ಸೀನುಗಳಲ್ಲಿ ಅಳುವ ಹುಡುಗಿಯರನ್ನು ಉಗೊಯೆ ಬೇಕಾದಷ್ಟು ನೋಡಿದ್ದಳು. ಇವಳು ಅಳಲಿಲ್ಲ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಿದ್ದಳು.

ಉಗೊಯೆ ಖಾಲಿ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡಳು. "ಬಾ, ಮೊದ್ಲು ಊಟ ಮಾಡು. ಆಮೇಲೆ ಇಬ್ರೂ ಆಸ್ಪತ್ರೆಗೆ ಹೋಗೋಣ. ಇಟ್ಕೋತೀಯೋ ಬಿಡ್ತೀಯೋ, ಡಾಕ್ಟರನ್ನ ಕೇಳ್ಕೊಂಡು ನೀನೇ ಹೇಳು. ಎಲ್ಲಿಗೂ ಒಬ್ಬಳೇ ಹೋಗ್ಬೇಡ."

ಎಬೆರೆಗೆ ಮುಂದಿನ ಮಾತೇ ಮರೆತುಹೋಯಿತು. ಡೋಜಿ ಕಟ್ ಹೇಳಿ, ನಯವಾಗಿಯೇ ಬಂದು ಸೀನನ್ನು ಇನ್ನೊಮ್ಮೆ ವಿವರಿಸಿದ. ಎರಡನೇ ಸಲವೂ ಉಗೊಯೆ ಅದನ್ನೇ ಹೇಳಿದಳು. ಮೂರನೇ ಸಲ ಹೇಳಿದಾಗ ಎಬೆರೆ ನೆಲದ ಮೇಲೆ ಕುಸಿದು ಕುಳಿತು, ಬಿಕ್ಕಿ ಬಿಕ್ಕಿ ಅಳತೊಡಗಿದಳು. ಉಗೊಯೆ ಅವಳ ಮುಂದೆ ತಟ್ಟೆಯಿಟ್ಟು ಮುದ್ದೆ ಹಾಕಿ, ಎಗುಸಿ ಸಾರು ಬಿಟ್ಟಳು. ಅಳುತ್ತಲೇ ಹುಡುಗಿ ತಿನ್ನತೊಡಗಿದಳು.

ಡೋಜಿ ಕಟ್ ಎಂದು ಕಿರುಚಿದ. ಪೋಸ್ಟರ್ ಅಚ್ಚಾಗಿದೆ, ದುಡ್ಡು ಹಾಕಿದವರಿಗೆ ನಾನೇನು ಹೇಳಲಿ ಎಂದು ತಲೆ ತಲೆ ಚಚ್ಚಿಕೊಂಡ. ಬೇರೆ ತಾಯಿಯನ್ನು ಕರೆಸಿಕೋ, ನನ್ನ ಬಾಯಿಂದ ಇನ್ನು ಆ ಮಾತು ಬರುವುದಿಲ್ಲ, ಇವಳನ್ನು ಈಗ ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಉಗೊಯೆ ತಟ್ಟೆಗೆ ಒಂದು ತುಂಡು ಮೀನು ಹಾಕಿದಳು.

ಡೋಜಿ ಅವಳೆದುರು ಕುಕ್ಕರಗಾಲಲ್ಲಿ ಕೂತು, ಮಗುವಿಗೆ ತಿಳಿಹೇಳುವವನ ಹಾಗೆ ಕೇಳಿದ: "ಅಮ್ಮಾ, ನೀವು ಹೀಗೆ ಕರೆದು ಊಟಕ್ಕೆ ಹಾಕಿಬಿಟ್ರೆ, ಹುಡುಗಿ ಸಾಯೋದಾದ್ರೂ ಹೇಗೆ?"