ಆರ್ಡರ್ ಬಂತಾ?

ಅಂಚೆಯವರು ಕೊಟ್ಟುಹೋದ ಪಿಂಚಣಿ ಆದೇಶವನ್ನು ಅಂಬುಜಾ ಓದಿ ಮುಗಿಸುವಷ್ಟರಲ್ಲಿ ಉಡುಪಿಯಿಂದ ಅಣ್ಣನ ಫೋನ್ ಬಂತು.

"ಆರ್ಡರ್ ಬಂತಾ ಅಂಬೂ?"

ಗಂಡ ತೀರಿಕೊಂಡ ಮೇಲೆ ಬಂಗಾಳದ ಬೆಹಾಲಾದ ಫ್ಲ್ಯಾಟಿನಲ್ಲಿ ಅವಳೊಬ್ಬಳೇ. ಅಣ್ಣ ಮುರಾರಿ ಮೊದಲೆಲ್ಲ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಅಲ್ಲಿನ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳು ಪಿಂಚಣಿಗೆ ಅರ್ಜಿ ಹಾಕಿದಂದಿನಿಂದ ದಿನಾ ಸಂಜೆ ಮಾಡತೊಡಗಿದ್ದ. ಕರ್ನಾಟಕದ ತಾಲೂಕು ಕಚೇರಿಯಿಂದ ನಿವೃತ್ತನಾದವನು. ಎರಡು ರಾಜ್ಯಗಳ ನಿಯಮ ಹೋಲಿಸುವುದೆಂದರೆ ಅವನಿಗೆ ಹುಚ್ಚು. "ತುಟ್ಟಿಭತ್ಯೆಯಲ್ಲಿ ನಾವೇ ಮುಂದೆ. ಆದ್ರೆ ಹೊಸಬರಿಗೂ ಹಳೇ ಪಿಂಚಣಿ ನಿಮ್ಮಲ್ಲಿ ಉಂಟಲ್ಲ!" ಎಂದು ಶುರುವಾದ ವಾದ ಅಮ್ಮನ ಪತ್ರೊಡೆಯವರೆಗೂ ಹೋಗುತ್ತಿತ್ತು. ಇಡೀ ದಿನದಲ್ಲಿ ಅವಳು ಕನ್ನಡ ಆಡುತ್ತಿದ್ದುದು ಆಗ ಮಾತ್ರ.

"ಕೇಳ್ತಾ ಉಂಟಾ? ಆರ್ಡರ್ ಒಂದು ಬಂದ್ರೆ ಮುಗೀತು. ಮತ್ತೆ ನನ್ನ ಕಿರಿಕಿರಿ ಇಲ್ಲ ನಿಂಗೆ."

ಅಂಬುಜಾ ಕಾಗದವನ್ನು ಮಡಚಿ, ಅವನಿಗೆಲ್ಲಿ ಕಾಣುವುದೋ ಎಂಬಂತೆ ದಿಂಬಿನಡಿಗೆ ತಳ್ಳಿದಳು.

"ಬರ್ಲಿಲ್ಲ ಅಣ್ಣ. ನಿನ್ನೆ ಹೇಳಿದ ಆ ಕುಟುಂಬ ಪಿಂಚಣಿಯದ್ದು ಇನ್ನೊಮ್ಮೆ ಹೇಳು. ನಂಗೆ ಸರಿ ಅರ್ಥ ಆಗ್ಲಿಲ್ಲ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. "ಇನ್ನೂ ಬರ್ಲಿಲ್ವಾ?" ಎಂದ ಮುರಾರಿ. ಬೇಸರ ತೋರಿಸಲು ಹೊರಟ ಆ ದನಿಯಲ್ಲಿ ಸಮಾಧಾನ ಇಣುಕಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. "ಅವಸರ ಎಂತ ಇಲ್ಲ ಮಾರಾಯ್ತಿ. ಕೂತ್ಕೋ, ಮೊದ್ಲಿಂದ ಹೇಳ್ತೇನೆ."