ಐದು ಕಮ್ಮಿ

"ಹತ್ತೊಂಬತ್ತೂ ಹಾಕಿದೆ. ಆಗಲೂ ಐದು ಕಮ್ಮಿ," ಎಂದು ಅತ್ತೆ ಪೆನ್ಸಿಲ್ ಕೆಳಗಿಟ್ಟಳು.

ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹೊದಿಕೆ ಮಡಚುತ್ತ ಇಪ್ಪತ್ತು ವರ್ಷ ಕಳೆದವಳು. ಹತ್ತನೇ ತರಗತಿ ಪಾಸಾದರೆ ಕೋಣೆಯ ಮೇಲ್ವಿಚಾರಣೆ ನಿನಗೇ ಎಂದಿದ್ದರು. ಅದಕ್ಕೇ ಐವತ್ತೊಂದನೇ ವಯಸ್ಸಿನಲ್ಲಿ ಸೊಸೆಯ ಮುಂದೆ ಪಾಠಕ್ಕೆ ಕೂತಿದ್ದಳು. ಲೆಕ್ಕ 3x + 4 = 3x + 9. ಬೀಗಕ್ಕೆ ಗೊಂಚಲಿನ ಕೀಲಿಗಳನ್ನೆಲ್ಲ ಹಾಕಿ ನೋಡುವಂತೆ, x ಇದ್ದ ಜಾಗಕ್ಕೆ ಒಂದರಿಂದ ಶುರುಮಾಡಿ ಒಂದೊಂದೇ ಸಂಖ್ಯೆ ಹಾಕಿ ನೋಡಿದ್ದಳು. ಎಡಗಡೆ ಪ್ರತಿ ಸಲವೂ ಬಲಗಡೆಗಿಂತ ಐದು ಕಮ್ಮಿ.

ಸೊಸೆ ಎರಡೂ ಕಡೆಯ 3x ಹೊಡೆದುಹಾಕಿದಳು. "ಈಗ ಏನುಳೀತು?"

"ನಾಲ್ಕು ಸಮ ಒಂಬತ್ತು. ತಲೆಕೆಟ್ಟೋನೂ ಒಪ್ಪಲ್ಲ ಇದನ್ನ. ಉತ್ತರ ಸೊನ್ನೆ ಅಂತ ಬರೀಲಾ?"

"ಸೊನ್ನೆಯೂ ಒಂದು ಸಂಖ್ಯೆ ಅತ್ತೆ. ಹಾಕಿ ನೋಡಿ, ಅದೂ ಸರಿಹೋಗಲ್ಲ. ಈ ಲೆಕ್ಕಕ್ಕೆ ಪರಿಹಾರವೇ ಇಲ್ಲ."

"ಇನ್ನೂ ನೂರು ಹಾಕಿಲ್ಲ, ಸಾವಿರ ಹಾಕಿಲ್ಲ. ಆಗಲೇ ಇಲ್ಲ ಅಂದ್ಬಿಟ್ರೆ ಹೇಗೆ?"

"ಲಕ್ಷ ಹಾಕಿದ್ರೂ ಐದು ಕಮ್ಮೀನೇ." ಸೊಸೆಯ ದನಿ ಇಳಿಯಿತು. "ಎಲ್ಲಾನೂ ಹಾಕಿ ನೋಡೋವಷ್ಟು ಆಯಸ್ಸು ಯಾರಿಗಿದೆ ಅತ್ತೆ?"

ಅತ್ತೆ ತಲೆಯೆತ್ತಿ ಅವಳನ್ನೇ ನೋಡಿದಳು. ಕೆಲಸಕ್ಕೆಂದು ಹೊರಟ ಮಗ ಕಾಣೆಯಾಗಿ ಒಂಬತ್ತು ವರ್ಷ. ಪೊಲೀಸ್ ಠಾಣೆ, ಶವಾಗಾರ, ಬಂದರು, ಹಳೆಯ ಗೆಳೆಯರ ಮನೆ, ಅತ್ತೆ ಹುಡುಕದ ಜಾಗವಿರಲಿಲ್ಲ. ಆಸ್ಪತ್ರೆಯ ಲ್ಯಾಬಿನವನ ತಾಯಿ ಬಂದು ಸೊಸೆಯನ್ನು ತನ್ನ ಮಗನಿಗೆ ಕೇಳಿಹೋಗಿ ಮೂರು ತಿಂಗಳಾಗಿತ್ತು. ಕಾಣೆಯಾದವನು ಇನ್ನು ಬದುಕಿಲ್ಲವೆಂದು ತೀರ್ಮಾನಿಸಲು ಕೋರ್ಟಿಗೆ ಕೊಡುವ ಕಾಗದಕ್ಕೆ ಹೆತ್ತವಳ ಸಹಿ ಬೇಕು. ಸೊಸೆ ಒಮ್ಮೆಯೂ ಬಾಯಿಬಿಟ್ಟು ಕೇಳಿರಲಿಲ್ಲ. ಅತ್ತೆಯೂ ಕಂಡೂ ಕಾಣದ ಹಾಗೆ ಇದ್ದುಬಿಟ್ಟಿದ್ದಳು.

"ವಕೀಲರ ಆ ಕಾಗದ ತಗೊಂಡು ಬಾ."

"ಅವಸರ ಏನಿಲ್ಲ ಅತ್ತೆ. ನಿಮ್ಮ ಪರೀಕ್ಷೆ ಮುಗೀಲಿ."

"ತಾ ಅಂದೆ."

'ಮಗನಿಂದ ಈವರೆಗೆ ಏನಾದರೂ ಸುದ್ದಿ ಬಂದಿದೆಯೇ?' ಎಂಬಲ್ಲಿ ಪೆನ್ನು ತಡೆದು ನಿಂತಿತು. ಎಷ್ಟೋ ಹೊತ್ತಿನ ಮೇಲೆ, ಕಾಗದ ಹರಿಯುವಷ್ಟು ಒತ್ತಿ, 'ಇಲ್ಲ' ಎಂದು ಬರೆದು ಸಹಿ ಹಾಕಿದಳು.

ಸೊಸೆ ಅವಳ ಮಡಿಲಲ್ಲಿ ಮುಖವಿಟ್ಟಳು. "ಅತ್ತೆ..."

"ಅಮ್ಮ ಅನ್ನೋದು ರೂಢಿ ಮಾಡ್ಕೋ," ಎಂದಳು, ಅವಳ ತಲೆ ಸವರುತ್ತ. "ಅತ್ತೆ ಅನ್ನಿಸ್ಕೊಳ್ಳೋಕೆ ಅಲ್ಲೊಬ್ಬರು ಕಾಯ್ತಿದ್ದಾರೆ."